ತೀರ್ಪಿನ ಸೀಟಿ ಮತ್ತು ಅಭಿಮಾನಿಯ ಕೋಪ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಒಂದು ಫುಟ್‌ಬಾಲ್ ಪಂದ್ಯವು ಕೇವಲ ಆಟದ ಸುದ್ದಿಯಾಗಿ ಉಳಿಯಲಿಲ್ಲ. ನ್ಯಾಯ, ಕೋಪ, ಸಂಯಮ ಎಂಬ ಹಳೆಯ ಪ್ರಶ್ನೆಗಳನ್ನು ಅದು ಹೊಸ ಉಡುಪಿನಲ್ಲಿ ಎದುರಿಗೆ ತಂದು ನಿಲ್ಲಿಸಿತು. ಇಂಡಿಯನ್ ಸೂಪರ್ ಲೀಗ್ ಪಂದ್ಯಾವಳಿಯಲ್ಲಿ ಅಂದು ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು ಸೆಣಸುತ್ತಿದ್ದವು. ಗೆದ್ದವರಿಗೆ ಸೆಮಿಫೈನಲ್, ಸೋತವರಿಗೆ ಮನೆಯ ದಾರಿ. ನಿಗದಿತ 90 ನಿಮಿಷಗಳಲ್ಲಿ ಯಾರೂ ಗೋಲು ಗಳಿಸದಿದ್ದುದರಿಂದ ಹೆಚ್ಚುವರಿ ಅವಧಿಯ ಆಟ ಆರಂಭವಾಯಿತು. 96ನೆಯ ನಿಮಿಷದಲ್ಲಿ ಕೇರಳದ ಗೋಲಿನ ಸಮೀಪದಲ್ಲಿಯೇ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಆಟಗಾರರು ಚೆಂಡಿಗೆ ಅಡ್ಡವಾಗಿ ಗೋಡೆಯಂತೆ ನಿಲ್ಲಲು ಸಿದ್ಧರಾಗುತ್ತಿದ್ದರು. ಅವರ ಗೋಲ್‌ಕೀಪರ್ ಆ ಗೋಡೆಯನ್ನು ಸರಿಯಾದ ಸ್ಥಳದಲ್ಲಿ ನಿಲ್ಲಿಸುವುದರಲ್ಲಿ ತೊಡಗಿದ್ದರು. ಅಷ್ಟರಲ್ಲಿಯೇ ಸುನಿಲ್ ಛೆಟ್ರಿ ಚೆಂಡನ್ನು ಒದ್ದರು. ಅದು ಕಾವಲಿಲ್ಲದ ಗೋಲಿನೊಳಗೆ ಸೇರಿತು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಮಾನ್ಯ ಮಾಡಿದರು.

ಕೇರಳದ ಆಟಗಾರರು ರೆಫರಿಯನ್ನು ಸುತ್ತುವರಿದು ವಾದಿಸಿದರು. ತೀರ್ಪು ಬದಲಾಗಲಿಲ್ಲ. ಆಗ ಅವರ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಅಂಗಳದಿಂದ ಹೊರಕ್ಕೆ ಕರೆದುಕೊಂಡರು. ತಂಡ ಮತ್ತೆ ಮರಳಲಿಲ್ಲ. ಕೆಲಕಾಲ ಕಾದ ಅನಂತರ ಬೆಂಗಳೂರು 1–0 ಅಂತರದಿಂದ ಗೆದ್ದಿತೆಂದು ಸಾರಲಾಯಿತು. ಒಂದು ಕಡೆಯ ಅಭಿಮಾನಿಗಳಿಗೆ ಅದು ಹಬ್ಬ. ಇನ್ನೊಂದು ಕಡೆಯವರಿಗೆ ಹಾಡಹಗಲ ದರೋಡೆ. ಒಂದೇ ಘಟನೆಯನ್ನು ಒಂದೇ ಕ್ರೀಡಾಂಗಣದಲ್ಲಿ ಕುಳಿತು ನೋಡಿದ ಜನರು ಎರಡು ಬೇರೆ ಬೇರೆ ಘಟನೆಗಳನ್ನು ಕಂಡವರಂತೆ ಮಾತನಾಡತೊಡಗಿದರು.

ವಿವಾದದ ತಿರುಳೇನು? ಫುಟ್‌ಬಾಲಿನ ನಿಯಮದಂತೆ ಫ್ರೀ ಕಿಕ್ ಎಂಬುದು ಎದುರಾಳಿಯ ತಪ್ಪಿನಿಂದ ತೊಂದರೆಗೊಳಗಾದ ತಂಡಕ್ಕೆ ಸಲ್ಲುವ ಪರಿಹಾರ. ತಪ್ಪು ಮಾಡಿದವರು ತಮ್ಮ ತಪ್ಪಿನಿಂದಲೇ ಸಮಯವನ್ನು ಸಂಪಾದಿಸಿಕೊಂಡು ರಕ್ಷಣೆಯನ್ನು ಬಲಪಡಿಸಿಕೊಳ್ಳಬಾರದೆಂಬ ಉದ್ದೇಶದಿಂದ, ತೊಂದರೆಗೊಳಗಾದ ತಂಡವು ಬಯಸಿದರೆ ಒಡನೆಯೇ ಚೆಂಡನ್ನು ಒದೆಯಬಹುದು. ಎದುರಾಳಿಗಳು 9.15 ಮೀಟರ್ ದೂರದಲ್ಲಿ ನಿಲ್ಲಬೇಕೆಂಬುದು ಒದೆಯುವವನ ಹಿತಕ್ಕಾಗಿ ಇರುವ ನಿಯಮ. ಆ ಹಿತವನ್ನು ಅವನು ಬೇಡವೆನ್ನಬಹುದು. ಆದರೆ ರೆಫರಿಯು ದೂರವನ್ನು ಅಳೆದು, ಗೋಡೆಯನ್ನು ಹಿಂದಕ್ಕೆ ಸರಿಸುವ ಕಾರ್ಯಕ್ಕೆ ಕೈಹಾಕಿದರೆ, ಅನಂತರ ಅವರ ಸೀಟಿಯ ಶಬ್ದವಾಗುವವರೆಗೆ ಎಲ್ಲರೂ ಕಾಯಬೇಕು. ರೆಫರಿ ಆ ಕಾರ್ಯವನ್ನು ಆಗಲೇ ಆರಂಭಿಸಿದ್ದರು, ಸೀಟಿಯಿಲ್ಲದೆ ಒದ್ದ ಚೆಂಡು ಗೋಲಾಗಲಾರದು ಎಂಬುದು ಕೇರಳದ ವಾದ. ತಮಗೆ ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಪಂದ್ಯದ ಅನಂತರ ಛೆಟ್ರಿ ಹೇಳಿದರು. ಎರಡು ವಾದಗಳ ನಡುವೆ ಇರುವುದು ಕೆಲವು ಸೆಕೆಂಡುಗಳ ಅವಧಿ ಮತ್ತು ಇಬ್ಬರು ಮೂವರ ನಡುವೆ ನಡೆದ ಒಂದೆರಡು ಮಾತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯು ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಬೇಡಿಕೆಯನ್ನು ತಳ್ಳಿಹಾಕಿತು. ವಿವಾದ ಕಾಗದದ ಮೇಲೆ ಮುಗಿಯಿತು, ಮನಸ್ಸಿನಲ್ಲಿ ಮುಗಿಯಲಿಲ್ಲ.

ಇಲ್ಲಿ ಅಭಿಮಾನಿಯ ಅಳಲನ್ನು ಮೊದಲು ಸಹಾನುಭೂತಿಯಿಂದ ಕೇಳಬೇಕು. ‘ಇದೊಂದು ಆಟ, ಇಷ್ಟಕ್ಕೇಕೆ ಇಷ್ಟೊಂದು ಸಂಕಟ?’ ಎಂದು ತಿಳಿದವರು ನಗುವುದುಂಟು. ಆ ನಗೆಯಲ್ಲಿ ವಿವೇಕಕ್ಕಿಂತ ಉದಾಸೀನವೇ ಹೆಚ್ಚು. ಆಟಗಾರನಿಗೆ ಅನ್ಯಾಯವಾದರೆ ಓಡಿ ಮತ್ತೊಂದು ಗೋಲು ಹೊಡೆಯುವ ಅವಕಾಶವಿದೆ. ತರಬೇತುದಾರನಿಗೆ ಆಟಗಾರರನ್ನು ಬದಲಾಯಿಸುವ ಅಧಿಕಾರವಿದೆ. ರೆಫರಿಗೆ ಸೀಟಿ ಇದೆ. ಅಭಿಮಾನಿಗೆ ಇರುವುದು ಕಣ್ಣು ಮಾತ್ರ. ಅವನು ತನ್ನ ದುಡಿಮೆಯ ಹಣದಿಂದ ಟಿಕೆಟ್ಟು ಕೊಂಡು, ರಾತ್ರಿ ಪ್ರಯಾಣ ಮಾಡಿ ಬಂದು, ತನ್ನದಲ್ಲದ ಕಾಲುಗಳು ತನ್ನ ಊರಿನ ಮಾನವನ್ನು ಕಾಯುವುದನ್ನು ನೋಡುತ್ತಾನೆ. ಆ ನೋಟದಲ್ಲಿ ಸ್ವಾರ್ಥದ ಲಾಭವೇನೂ ಇಲ್ಲ. ತಂಡ ಗೆದ್ದರೂ ಅವನ ಮನೆಗೆ ಒಂದು ಕಾಸೂ ಬಾರದು. ಲಾಭವಿಲ್ಲದ ಒಲವು ಅನ್ಯಾಯವನ್ನು ಕಂಡಾಗ ನೋಯುವುದು ಸಹಜ. ನೋಯದಿದ್ದರೆ ಅದು ಒಲವೇ ಅಲ್ಲ.

ಈ ನೋವಿಗೆ ಈಚಿನ ಕಾಲದಲ್ಲಿ ಹೊಸದೊಂದು ಕಾರಣವೂ ಸೇರಿದೆ. ಹಿಂದೆ ಪ್ರೇಕ್ಷಕನೂ ರೆಫರಿಯೂ ಘಟನೆಯನ್ನು ಒಂದೇ ಬಾರಿ ನೋಡುತ್ತಿದ್ದರು. ಹತ್ತಿರದಿಂದ ನೋಡಿದ ರೆಫರಿಯ ಮಾತನ್ನು ದೂರದಿಂದ ನೋಡಿದ ಪ್ರೇಕ್ಷಕನು ಒಲ್ಲದ ಮನಸ್ಸಿನಿಂದಲಾದರೂ ಒಪ್ಪುತ್ತಿದ್ದನು. ದೂರದರ್ಶನದ ಕ್ಯಾಮೆರಾಗಳು ಆ ಕ್ರಮವನ್ನು ತಲೆಕೆಳಗು ಮಾಡಿದವು. ರೆಫರಿ ಓಡುತ್ತ, ಏದುಸಿರು ಬಿಡುತ್ತ, ಒಂದು ಕೋನದಿಂದ ಒಂದು ಕ್ಷಣ ನೋಡಿದ್ದನ್ನು ಮನೆಯಲ್ಲಿ ಕುಳಿತ ಬಾಲಕನು ನಿಧಾನಗತಿಯಲ್ಲಿ, ಹತ್ತು ಬಾರಿ, ನಾಲ್ಕು ದಿಕ್ಕಿನಿಂದ ನೋಡುತ್ತಾನೆ. ತೀರ್ಪು ಕೊಡುವವನಿಗಿಂತ ತೀರ್ಪನ್ನು ಅನುಭವಿಸುವವನಿಗೆ ಹೆಚ್ಚು ತಿಳಿದಿದೆ. ಆದರೆ ತಿಳಿದವನಿಗೆ ಅಧಿಕಾರವಿಲ್ಲ. ಅಧಿಕಾರವುಳ್ಳವನಿಗೆ ಆ ತಿಳಿವಿಲ್ಲ. ತಿಳಿವಿದ್ದೂ ಏನೂ ಮಾಡಲಾಗದ ಈ ಸ್ಥಿತಿಯೇ ಅಭಿಮಾನಿಯ ಹತಾಶೆಯ ಮೂಲ. ತನಗೆ ಖಚಿತವಾಗಿ ತಿಳಿದ ಸತ್ಯವು ತನ್ನ ಕಣ್ಣೆದುರಿಗೇ ಸೋಲುವುದನ್ನು ಸುಮ್ಮನೆ ನೋಡುತ್ತ ಕುಳಿತುಕೊಳ್ಳುವುದು ಎಂಥ ಸಮಾಧಾನಿಗೂ ಕಷ್ಟ.

ಇಷ್ಟನ್ನು ಒಪ್ಪಿದ ಮೇಲೆಯೇ ಅಭಿಮಾನಿಯನ್ನು ವಿಮರ್ಶಿಸುವ ಹಕ್ಕು ದೊರೆಯುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಇದು: ಅವನು ಖಚಿತವಾಗಿ ತಿಳಿದಿದ್ದೇನೆಂದು ಭಾವಿಸುವುದು ಎಷ್ಟರಮಟ್ಟಿಗೆ ತಿಳಿವು, ಎಷ್ಟರಮಟ್ಟಿಗೆ ಬಯಕೆ? ‘ಅಭಿಮಾನ’ ಎಂಬ ಮಾತಿನಲ್ಲಿ ಒಲವೂ ಇದೆ, ಮಾನವೂ ಇದೆ. ಒಲವು ಕಣ್ಣನ್ನು ತೆರೆಯುತ್ತದೆ. ಮಾನವು ಅದಕ್ಕೆ ಬಣ್ಣದ ಗಾಜನ್ನು ತೊಡಿಸುತ್ತದೆ. ಮಾರ್ಚ್ 3ರ ರಾತ್ರಿ ರೆಫರಿಯ ತೀರ್ಪು ನಿಯಮಬದ್ಧವೆಂದು ಹರ್ಷಿಸಿದ ಬೆಂಗಳೂರಿನ ಕಡೆಯವರಿಗೆ ಅದರ ಉತ್ತರ ದೊರೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಅದೇ ತಿಂಗಳ 18ರಂದು ಗೋವಾದಲ್ಲಿ ನಡೆದ ಫೈನಲ್ ಪಂದ್ಯದಲ್ಲಿ ಬೆಂಗಳೂರು ತಂಡವು ಎಟಿಕೆ ಮೋಹನ್ ಬಾಗಾನ್ ತಂಡದ ಎದುರು 2–2ರ ಸಮಬಲದ ಅನಂತರ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಪಂದ್ಯದ ನಡುವೆ ಎದುರಾಳಿಗೆ ದೊರೆತ ಪೆನಾಲ್ಟಿಯೊಂದು ಅನ್ಯಾಯವೆಂದು ಈ ಬಾರಿ ಬೆಂಗಳೂರಿನವರೇ ನೊಂದರು. ಲೀಗಿಗೆ ವಿಎಆರ್ ಎಂದು ಹೆಸರಾದ ವಿಡಿಯೋ ಸಹಾಯಕ ರೆಫರಿಯ ವ್ಯವಸ್ಥೆ ಬೇಕೇಬೇಕು ಎಂದು ತಂಡದ ಮಾಲೀಕರಾದ ಪಾರ್ಥ್ ಜಿಂದಾಲ್ ಬಹಿರಂಗವಾಗಿಯೇ ಹೇಳಿದರು. ಹದಿನೈದು ದಿನಗಳ ಅಂತರದಲ್ಲಿ ತಕ್ಕಡಿಯ ತಟ್ಟೆಗಳು ಅದಲುಬದಲಾಗಿದ್ದವು.

ಆ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ತನಗೆ ಅನುಕೂಲವಾದ ತೀರ್ಪಿನ ಮರುದಿನವೂ ಇದೇ ಬೇಡಿಕೆಯನ್ನು ಇಷ್ಟೇ ಗಟ್ಟಿಯಾಗಿ ಇಡುವ ಅಭಿಮಾನಿ ಅಥವಾ ಮಾಲೀಕ ಯಾವ ತಂಡದಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಈ ಮಾತು ಕೇರಳಕ್ಕೂ ಸಲ್ಲುತ್ತದೆ, ಕೊಲ್ಕತ್ತಕ್ಕೂ ಸಲ್ಲುತ್ತದೆ. ತನ್ನ ಕಡೆಯವನು ಮೋಸ ಮಾಡಿದರೆ ಜಾಣತನ, ಎದುರಿನವನು ಮಾಡಿದರೆ ಅಧರ್ಮ ಎಂಬ ಎರಡು ಅಳತೆಗೋಲುಗಳನ್ನು ಜೇಬಿನಲ್ಲಿಟ್ಟುಕೊಂಡು ನ್ಯಾಯದ ಹೆಸರೆತ್ತುವುದು ನ್ಯಾಯಕ್ಕೇ ಅಪಚಾರ. 1986ರ ಜೂನ್ 22ರಂದು ಮೆಕ್ಸಿಕೋ ನಗರದ ಅಜ್ತೆಕಾ ಕ್ರೀಡಾಂಗಣದಲ್ಲಿ ಡಿಯಾಗೊ ಮರಡೋನಾ ಇಂಗ್ಲೆಂಡಿನ ವಿರುದ್ಧ ಕೈಯಿಂದ ಗೋಲು ಹೊಡೆದದ್ದು ಜಗತ್ತಿಗೇ ಗೊತ್ತು. ಇಂಗ್ಲೆಂಡಿನಲ್ಲಿ ಅದು ಇಂದಿಗೂ ಕಳ್ಳತನ. ಅರ್ಜೆಂಟೀನಾದಲ್ಲಿ ಅದು ದಂತಕಥೆ. ಕೈ ಒಂದೇ, ಚೆಂಡು ಒಂದೇ. ಬದಲಾದದ್ದು ನೋಡುವವನ ಬಾವುಟ.

ಎರಡನೆಯ ಪ್ರಶ್ನೆ: ತೀರ್ಪು ನಿಜವಾಗಿಯೂ ತಪ್ಪೆಂದೇ ಇಟ್ಟುಕೊಂಡರೂ ಅಂಗಳವನ್ನು ಬಿಟ್ಟು ಹೋಗುವುದು ಅದಕ್ಕೆ ತಕ್ಕ ಉತ್ತರವೇ? ಮರುದಿನ ಕೊಚ್ಚಿಯಲ್ಲಿ ವುಕೊಮಾನೊವಿಚ್ ಅವರಿಗೆ ಅಭಿಮಾನಿಗಳು ವೀರನಿಗೆ ಸಲ್ಲುವ ಸ್ವಾಗತವನ್ನು ನೀಡಿದರು. ತಮ್ಮ ನೋವನ್ನು ಒಬ್ಬನಾದರೂ ಕೃತಿಯಲ್ಲಿ ತೋರಿಸಿದನೆಂಬ ಕೃತಜ್ಞತೆ ಅದು. ಆದರೆ ಶಾಂತವಾಗಿ ಲೆಕ್ಕ ಹಾಕಿದರೆ ಬೇರೆ ಚಿತ್ರ ಕಾಣುತ್ತದೆ. ಗೋಲಾದದ್ದು 96ನೆಯ ನಿಮಿಷದಲ್ಲಿ. ಆಟ ಮುಗಿಯಬೇಕಾದದ್ದು 120ನೆಯ ನಿಮಿಷದಲ್ಲಿ. ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಉಳಿದಿತ್ತು. ಫುಟ್‌ಬಾಲಿನಲ್ಲಿ ಒಂದು ಗೋಲನ್ನು ತೀರಿಸಲು ಒಂದು ನಿಮಿಷ ಸಾಕು. ರೆಫರಿಯ ತೀರ್ಪು ಕೇರಳವನ್ನು ಹಿನ್ನಡೆಗೆ ತಳ್ಳಿತ್ತು, ಅಷ್ಟೇ. ಸೋಲನ್ನು ಖಚಿತಗೊಳಿಸಿದ್ದು ಅಂಗಳವನ್ನು ತೊರೆದ ನಿರ್ಧಾರ. ವಿವಾದಾಸ್ಪದವಾಗಿದ್ದ ಹಾನಿಯನ್ನು ಕೋಪವು ವಿವಾದವೇ ಇಲ್ಲದ ಹಾನಿಯನ್ನಾಗಿ ಮಾಡಿತು. ಮಾರ್ಚ್ ತಿಂಗಳ ಕೊನೆಯಲ್ಲಿ ಫೆಡರೇಷನ್ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿ, ಸಾರ್ವಜನಿಕವಾಗಿ ಕ್ಷಮೆ ಕೋರುವಂತೆ ಆದೇಶಿಸಿತು. ತಂಡವೂ ತರಬೇತುದಾರರೂ ವಿಷಾದವನ್ನು ವ್ಯಕ್ತಪಡಿಸಿದರು.

ದಂಡದ ಮೊತ್ತ ಸರಿಯೇ ತಪ್ಪೇ ಎಂಬುದು ಬೇರೆ ವಿಚಾರ. ಪ್ರತಿಭಟನೆಗೂ ಪರಿತ್ಯಾಗಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಪ್ರತಿಭಟಿಸುವವನು ನಿಯಮದ ಒಳಗೆ ನಿಂತು ‘ಇದು ತಪ್ಪು’ ಎನ್ನುತ್ತಾನೆ. ಆಟವನ್ನು ಆಡಿ ಮುಗಿಸಿ ದೂರನ್ನು ಬರೆದುಕೊಡುತ್ತಾನೆ. ಪರಿತ್ಯಾಗ ಮಾಡುವವನು, ತನಗೆ ಒಪ್ಪಿಗೆಯಾದಾಗ ಮಾತ್ರ ನಿಯಮ ತನ್ನದು ಎನ್ನುತ್ತಾನೆ. ಮನೆಯ ಪಾಲುಪಟ್ಟಿಯಲ್ಲಾಗಲಿ, ಸಂಘದ ಸಭೆಯಲ್ಲಾಗಲಿ, ದೇವಸ್ಥಾನದ ಆಡಳಿತ ಮಂಡಳಿಯಲ್ಲಾಗಲಿ ಈ ವ್ಯತ್ಯಾಸವನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಅಧ್ಯಕ್ಷರ ಒಂದು ತೀರ್ಮಾನ ತಪ್ಪೆನಿಸಿ ಸಭಾತ್ಯಾಗ ಮಾಡಿದ ಸಜ್ಜನರು, ಆಮೇಲೆ ಹೊರಗೆ ನಿಂತು, ಒಳಗಿನ ಎಲ್ಲ ತೀರ್ಮಾನಗಳೂ ತಮಗೆ ವಿರುದ್ಧವಾಗಿ ಆಗುತ್ತಿರುವುದನ್ನು ನೋಡುವ ಪ್ರಸಂಗ ಅಪರೂಪವಲ್ಲ. ಬಿಟ್ಟು ಬಂದ ಆಸನವು ಯಾರ ಪರವಾಗಿಯೂ ಮತ ಹಾಕುವುದಿಲ್ಲ.

ಯಂತ್ರ ಬಂದರೆ ಇವೆಲ್ಲವೂ ಮುಗಿಯುತ್ತದೆ ಎಂಬ ನಂಬಿಕೆ ಬಹುಜನರಲ್ಲಿದೆ. ಕಂಠೀರವದ ಪಂದ್ಯ ನಡೆದಾಗ ಈ ಲೀಗಿನಲ್ಲಿ ವಿಎಆರ್ ಇರಲಿಲ್ಲ ಎಂಬುದು ನಿಜ. 2018ರ ವಿಶ್ವಕಪ್‌ನಲ್ಲಿ ಬಳಕೆಯಾದ ಆ ವ್ಯವಸ್ಥೆ ಎಷ್ಟೋ ತಪ್ಪುಗಳನ್ನು ತಡೆದಿದೆ ಎಂಬುದೂ ನಿಜ. ಆದರೆ ಅದೇ 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ತಂಡಗಳ ನಡುವೆ ನಡೆದ ಪಂದ್ಯವು ಈ ನಂಬಿಕೆಯ ಮಿತಿಯನ್ನು ತೋರಿಸಿತು. ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಹೊಡೆದ ಗೋಲನ್ನು ಅಂಗಳದಲ್ಲಿದ್ದ ಅಧಿಕಾರಿಗಳು ಆಫ್‌ಸೈಡ್ ಎಂದು ತಿರಸ್ಕರಿಸಿದರು. ಚಿತ್ರಗಳನ್ನು ಪರಿಶೀಲಿಸಿದ ವಿಡಿಯೋ ರೆಫರಿಗೆ ಅದು ಆಫ್‌ಸೈಡ್ ಅಲ್ಲವೆಂದು ಸ್ಪಷ್ಟವಾಯಿತು. ಆದರೆ ಅಂಗಳದ ತೀರ್ಪು ‘ಗೋಲು’ ಎಂದೇ ಇದೆಯೆಂದು ತಪ್ಪಾಗಿ ಭಾವಿಸಿ, ಪರಿಶೀಲನೆ ಮುಗಿಯಿತು ಎಂದು ಅವರು ತಿಳಿಸಿಬಿಟ್ಟರು. ಆಟ ಮತ್ತೆ ಆರಂಭವಾಯಿತು. ಕೆಲವೇ ಸೆಕೆಂಡುಗಳಲ್ಲಿ ತಪ್ಪು ಅವರಿಗೇ ಅರಿವಾಯಿತು. ಆದರೆ ಒಮ್ಮೆ ಆಟ ಮುಂದುವರಿದ ಮೇಲೆ ಹಿಂದಿನ ತೀರ್ಪನ್ನು ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಸರಿಯಾದ ಗೋಲೊಂದು ಲೆಕ್ಕಕ್ಕೆ ಬಾರದೆ ಹೋಯಿತು. ಲಿವರ್‌ಪೂಲ್ 2–1ರಿಂದ ಸೋತಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಂದು ಯಂತ್ರದ ಮುಂದೆ ಕುಳಿತಿದ್ದ ಅಧಿಕಾರಿಗಳಿಗೆ ಸತ್ಯ ತಿಳಿದಿತ್ತು. ಅದನ್ನು ನೆರವೇರಿಸುವ ಶಕ್ತಿ ಇರಲಿಲ್ಲ. ಅಭಿಮಾನಿಯು ಇಷ್ಟು ಕಾಲ ಅನುಭವಿಸುತ್ತ ಬಂದ ಸ್ಥಿತಿಯನ್ನೇ ತೀರ್ಪುಗಾರನೂ ಅನುಭವಿಸಿದನು. ಸತ್ಯವನ್ನು ಕಾಣಲು ಯಂತ್ರ ನೆರವಾಗುತ್ತದೆ. ಕಂಡ ಸತ್ಯವನ್ನು ಒಬ್ಬರು ಇನ್ನೊಬ್ಬರಿಗೆ ಸರಿಯಾಗಿ ಹೇಳುವ ಹೊಣೆ ಮನುಷ್ಯನದಾಗಿಯೇ ಉಳಿಯುತ್ತದೆ. ತಪ್ಪೇ ಆಗದ ತೀರ್ಪಿಗಾಗಿ ಕಾಯುವವನು ಕಡೆಯವರೆಗೂ ಕಾಯುತ್ತಲೇ ಇರಬೇಕಾಗುತ್ತದೆ. ಆದುದರಿಂದ ಮುಖ್ಯ ಪ್ರಶ್ನೆಯು ‘ತಪ್ಪು ತೀರ್ಪನ್ನು ಹೇಗೆ ಇಲ್ಲವಾಗಿಸುವುದು?’ ಎಂಬುದಷ್ಟೇ ಅಲ್ಲ. ‘ತಪ್ಪು ತೀರ್ಪು ಬಂದಾಗ, ತಿಳಿದೂ ಏನೂ ಮಾಡಲಾಗದವನು ತನ್ನ ಮನಸ್ಸನ್ನು ಏನು ಮಾಡಬೇಕು?’ ಎಂಬುದು.

ಆ ಮನಸ್ಸನ್ನು ಕಾಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫುಟ್‌ಬಾಲಿನ ಚರಿತ್ರೆಯಲ್ಲಿ ಘೋರ ನಿದರ್ಶನಗಳಿವೆ. 1964ರ ಮೇ 24ರಂದು ಪೆರು ದೇಶದ ರಾಜಧಾನಿ ಲಿಮಾದಲ್ಲಿ ಪೆರು ಮತ್ತು ಅರ್ಜೆಂಟೀನಾ ತಂಡಗಳ ನಡುವೆ ಒಲಿಂಪಿಕ್ ಅರ್ಹತಾ ಪಂದ್ಯ ನಡೆಯುತ್ತಿತ್ತು. ಒಂದು ಗೋಲಿನಿಂದ ಹಿಂದಿದ್ದ ಪೆರು ಕೊನೆಯ ನಿಮಿಷಗಳಲ್ಲಿ ಚೆಂಡನ್ನು ಗೋಲಿಗೆ ಸೇರಿಸಿತು. ಉರುಗ್ವೆಯ ರೆಫರಿ ಅದನ್ನು ಮಾನ್ಯ ಮಾಡಲಿಲ್ಲ. ಕ್ರುದ್ಧನಾದ ಪ್ರೇಕ್ಷಕನೊಬ್ಬ ಅಂಗಳಕ್ಕೆ ನುಗ್ಗಿದನು. ಪೊಲೀಸರು ಅವನನ್ನು ಹಿಡಿದ ರೀತಿಯನ್ನು ಕಂಡು ಜನ ಕೆರಳಿದರು. ಪೊಲೀಸರು ಪ್ರೇಕ್ಷಕರ ಮೇಲೆ ಅಶ್ರುವಾಯು ಸಿಡಿಸಿದರು. ಉಸಿರುಕಟ್ಟಿದ ಸಾವಿರಾರು ಜನ ಮೆಟ್ಟಿಲುಗಳನ್ನಿಳಿದು ಬಾಗಿಲುಗಳತ್ತ ಓಡಿದರು. ಬಾಗಿಲುಗಳು ಮುಚ್ಚಿದ್ದವು. ಸರ್ಕಾರಿ ಲೆಕ್ಕದಂತೆ ಅಲ್ಲಿ ಸತ್ತವರು 328 ಜನ.

ರೆಫರಿಯ ತೀರ್ಪು ಯಾರನ್ನೂ ಕೊಲ್ಲಲಿಲ್ಲ. ಮುಚ್ಚಿದ ಬಾಗಿಲೂ ವಿವೇಕವಿಲ್ಲದ ಆಜ್ಞೆಯೂ ಕೊಂದವು. ಅದರ ಹೊಣೆ ಬಾಗಿಲು ಕಾಯುವವರದೂ ಆಜ್ಞೆ ಕೊಟ್ಟವರದೂ ಹೌದು. ಆದರೆ ಆ ಸರಪಳಿಯ ಮೊದಲ ಕೊಂಡಿಗಳಲ್ಲಿ ಒಂದು ಹತಾಶೆಯ ಕೋಪ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆ ಸಂಜೆ ಸತ್ತವರಲ್ಲಿ ಬಹುಮಂದಿ ಕಲ್ಲೆಸೆದವರಲ್ಲ. ಆಟ ನೋಡಿ ಮನೆಗೆ ಹೋಗಬೇಕೆಂದಿದ್ದವರು. ಕೋಪವು ಯಾರ ಎದೆಯಲ್ಲಿ ಹುಟ್ಟಿತೋ ಅವರನ್ನೇ ಸುಡಬೇಕೆಂಬ ನಿಯಮ ಇಲ್ಲ.

ಗುಂಪಿನ ಕೋಪಕ್ಕೆ ಕಲ್ಲು ಬೇಕು, ಒಂಟಿ ಮನುಷ್ಯನ ಕೋಪಕ್ಕೆ ಒಂದು ಪತ್ರ ಸಾಕು. 2005ರ ಫೆಬ್ರವರಿ 23ರಂದು ಬಾರ್ಸಿಲೋನಾ ಮತ್ತು ಚೆಲ್ಸಿ ತಂಡಗಳ ನಡುವೆ ನಡೆದ ಪಂದ್ಯದಲ್ಲಿ ಸ್ವೀಡನ್ನಿನ ರೆಫರಿ ಆಂಡರ್ಸ್ ಫ್ರಿಸ್ಕ್ ಚೆಲ್ಸಿಯ ಆಟಗಾರನೊಬ್ಬನನ್ನು ಹೊರಗೆ ಕಳುಹಿಸಿದರು. ಚೆಲ್ಸಿ 2–1ರಿಂದ ಸೋತಿತು. ಬಾರ್ಸಿಲೋನಾದ ತರಬೇತುದಾರರು ವಿರಾಮದ ವೇಳೆಯಲ್ಲಿ ರೆಫರಿಯ ಕೊಠಡಿಗೆ ಹೋಗಿದ್ದರೆಂದು ಚೆಲ್ಸಿಯ ತರಬೇತುದಾರ ಜೋಸೆ ಮೊರಿನ್ಯೊ ಆರೋಪಿಸಿದರು. ಇದಕ್ಕಾಗಿ ಯೂರೋಪಿನ ಫುಟ್‌ಬಾಲ್ ಒಕ್ಕೂಟವು ಅವರಿಗೆ ಎರಡು ಪಂದ್ಯಗಳ ನಿಷೇಧ ವಿಧಿಸಿತು. ಆದರೆ ಆರೋಪದ ಕಿಡಿ ಅಷ್ಟರಲ್ಲಿಯೇ ಅಭಿಮಾನಿಗಳ ಮನಸ್ಸನ್ನು ಮುಟ್ಟಿತ್ತು. ಫ್ರಿಸ್ಕ್ ಅವರಿಗೂ ಅವರ ಕುಟುಂಬಕ್ಕೂ ಕೊಲೆ ಬೆದರಿಕೆಗಳು ಬಂದವು. ಮಾರ್ಚ್ ತಿಂಗಳಲ್ಲಿ ಅವರು ರೆಫರಿಯ ವೃತ್ತಿಯನ್ನೇ ತ್ಯಜಿಸಿದರು. ಬೆದರಿಕೆ ಹಾಕಿದವರು ಸ್ವಭಾವತಃ ದುಷ್ಟರೇ ಆಗಿದ್ದರೆಂದು ಹೇಳಲಾಗದು. ತಾವು ನ್ಯಾಯದ ಪರವೆಂದೇ ಅವರು ನಂಬಿದ್ದಿರಬೇಕು. ಕೋಪವು ನ್ಯಾಯದ ಅಂಗಿ ತೊಟ್ಟು ಬಂದಾಗಲೇ ಅದನ್ನು ಗುರುತಿಸುವುದು ಅತ್ಯಂತ ಕಷ್ಟ. ಗುರುತಿಸಲು ಒಂದೇ ಒರೆಗಲ್ಲು: ನ್ಯಾಯ ಬಯಸುವವನಿಗೆ ತಪ್ಪು ಸರಿಹೋಗಬೇಕು, ಕೋಪಗೊಂಡವನಿಗೆ ತಪ್ಪು ಮಾಡಿದವನು ನರಳಬೇಕು. ಮೊದಲನೆಯವನಿಗೆ ತೃಪ್ತಿಯೆಂಬುದು ಉಂಟು. ಎರಡನೆಯವನಿಗೆ ಅದು ಇಲ್ಲ.

ಹಾಗಾದರೆ ದಾರಿ ಯಾವುದು? ದಾರಿಯ ಒಂದು ಭಾಗ ತೀರ್ಪುಗಾರರ ಕೈಯಲ್ಲಿದೆ. ಲಂಡನ್ನಿನ ಪ್ರಸಂಗದಲ್ಲಿ ರೆಫರಿಗಳ ಸಂಸ್ಥೆಯು ಅದೇ ದಿನ ತಪ್ಪನ್ನು ಒಪ್ಪಿಕೊಂಡಿತು. ಕೆಲವು ದಿನಗಳಲ್ಲಿ ಅಧಿಕಾರಿಗಳ ಮಾತುಕತೆಯ ಧ್ವನಿಮುದ್ರಣವನ್ನೂ ಬಹಿರಂಗಪಡಿಸಿತು. ಕಳೆದ ಪಂದ್ಯ ಲಿವರ್‌ಪೂಲಿಗೆ ಮರಳಲಿಲ್ಲ. ಆದರೂ ‘ನಿಮ್ಮ ಕಣ್ಣು ಸುಳ್ಳು ಹೇಳಲಿಲ್ಲ’ ಎಂಬ ಮಾತು ಅಭಿಮಾನಿಗೆ ದೊರೆಯಿತು. ಹತಾಶೆಯ ಅರ್ಧ ಭಾಗ ಅನ್ಯಾಯದಿಂದ ಹುಟ್ಟಿದರೆ, ಇನ್ನರ್ಧ ಭಾಗ ಆ ಅನ್ಯಾಯವನ್ನು ಯಾರೂ ಒಪ್ಪಿಕೊಳ್ಳದಿರುವುದರಿಂದ ಹುಟ್ಟುತ್ತದೆ. ಮೌನವಾಗಿರುವ ಅಧಿಕಾರವು ತನ್ನ ಗೌರವವನ್ನು ಕಾಯುತ್ತಿದ್ದೇನೆಂದು ಭಾವಿಸಿ, ಅದನ್ನೇ ಕಳೆದುಕೊಳ್ಳುತ್ತದೆ. ತೀರ್ಪಿನ ಕಾರಣವನ್ನು ಅಂದಂದೇ ಸರಳವಾಗಿ ವಿವರಿಸುವುದು, ತಪ್ಪಾಗಿದ್ದರೆ ತಪ್ಪೆನ್ನುವುದು, ಆಡಳಿತ ನಡೆಸುವ ಯಾವುದೇ ಸಂಸ್ಥೆಗೂ ಕನಿಷ್ಠ ಧರ್ಮ.

ಇನ್ನೊಂದು ಭಾಗ ಆಟಗಾರನ ಕೈಯಲ್ಲಿದೆ. ಅಭಿಮಾನಿಗಳು ಇದನ್ನು ನೆನೆಯುವುದು ಕಡಿಮೆ. ರೆಫರಿ ಕಾಣದ ಸತ್ಯವನ್ನು ಎಷ್ಟೋ ವೇಳೆ ಆಟಗಾರನು ಬಲ್ಲನು. 2012ರ ಸೆಪ್ಟೆಂಬರಿನಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಲಾಜಿಯೋ ತಂಡದ ಪರವಾಗಿ ಆಡುತ್ತಿದ್ದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದ್ದರು. ಚೆಂಡು ತಮ್ಮ ಕೈಗೆ ತಗುಲಿತ್ತೆಂದು ಕ್ಲೋಸೆ ತಾವೇ ತಿಳಿಸಿದರು. ಗೋಲು ರದ್ದಾಯಿತು. ಎದುರಾಳಿ ಆಟಗಾರರು ಬಂದು ಅವರ ಕೈಕುಲುಕಿದರು. ಲಾಜಿಯೋ ಆ ಪಂದ್ಯವನ್ನು 3–0ರಿಂದ ಸೋತಿತು. ಯಾವ ಯಂತ್ರವೂ ಇಲ್ಲದೆ, ಯಾವ ಮೇಲ್ಮನವಿಯೂ ಇಲ್ಲದೆ ಅಲ್ಲಿ ತೀರ್ಪು ಸರಿಯಾಯಿತು. ಲಾಭ ಪಡೆದವನೇ ಸತ್ಯ ನುಡಿದರೆ ನ್ಯಾಯಕ್ಕೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ. ತನ್ನ ತಂಡದಲ್ಲಿ ಇಂಥ ಆಟಗಾರನಿದ್ದರೆ ಅವನನ್ನು ಹೊಗಳಲು ತಾನು ಸಿದ್ಧನೇ ಎಂದು ಪ್ರತಿಯೊಬ್ಬ ಅಭಿಮಾನಿಯೂ ತನ್ನನ್ನು ಕೇಳಿಕೊಳ್ಳಬಹುದು. ಆ ಉತ್ತರವೇ ಅವನ ನ್ಯಾಯಪ್ರೀತಿಯ ಅಳತೆ.

ಮರಡೋನಾ ಅಂದು ಹಾಗೆ ಮಾಡಲಿಲ್ಲ. ಆ ಗೋಲನ್ನು ಮಾನ್ಯ ಮಾಡಿದ ಟುನೀಷಿಯಾದ ರೆಫರಿ ಅಲಿ ಬೆನ್ನಾಸೂರ್ ಅವರು ಬಹಳ ವರ್ಷ ಆ ಒಂದು ಕ್ಷಣದ ಹೊರೆಯನ್ನು ಹೊತ್ತರು. 2015ರಲ್ಲಿ ಟುನೀಷಿಯಾಕ್ಕೆ ಹೋಗಿದ್ದ ಮರಡೋನಾ ಅವರ ಮನೆಗೆ ಹೋಗಿ ಕಂಡು, ಚಿರಕಾಲದ ಮಿತ್ರನೆಂದು ಬರೆದು ಸಹಿ ಮಾಡಿದ ಅರ್ಜೆಂಟೀನಾದ ಅಂಗಿಯೊಂದನ್ನು ಕೊಟ್ಟರು. ಇಪ್ಪತ್ತೊಂಬತ್ತು ವರ್ಷಗಳ ಅನಂತರ ಬಂದ ಆ ಸ್ನೇಹದಿಂದ ಗೋಲು ಅಳಿಸಿಹೋಗಲಿಲ್ಲ. ಆದರೆ ಮೋಸ ಮಾಡಿದವನೂ ಮೋಸಹೋದವನೂ ಒಂದೇ ಮನೆಯಲ್ಲಿ ಕುಳಿತು ನಗುವುದು ಸಾಧ್ಯವಾದಾಗ, ಆ ಆಟವನ್ನು ದೂರದಿಂದ ನೋಡಿದವರು ಮಾತ್ರ ಹಗೆಯನ್ನು ಕಾಪಾಡಿಕೊಂಡು ಬರುವುದಕ್ಕೆ ಅರ್ಥವೇನು?

ದಾರಿಯ ಮೂರನೆಯ ಭಾಗ ಅಭಿಮಾನಿಯದೇ. ಅದಕ್ಕೆ ದೂರದ ನಿದರ್ಶನ ಬೇಕಿಲ್ಲ. 1980ರ ಆಗಸ್ಟ್ 16ರಂದು ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪಂದ್ಯ ನಡೆಯುತ್ತಿತ್ತು. ಇಬ್ಬರು ಆಟಗಾರರ ನಡುವಣ ಘರ್ಷಣೆ, ಅದಕ್ಕೆ ರೆಫರಿ ತೋರಿಸಿದ ಕೆಂಪು ಚೀಟಿ, ಅದರಿಂದ ಕೆರಳಿದ ಪ್ರೇಕ್ಷಕರ ಹೊಡೆದಾಟ, ಅದರ ಹಿಂದೆಯೇ ಕಾಲ್ತುಳಿತ. ಹದಿನಾರು ಜನ ಸತ್ತರು. ಎರಡೂ ಕಡೆಯ ಮನೆಗಳಲ್ಲಿ ದೀಪ ಆರಿತು. ಆ ಊರಿನ ಅಭಿಮಾನಿಗಳಿಗೆ ಯಾರು ಮೊದಲು ಕಲ್ಲೆಸೆದರು, ರೆಫರಿ ಮಾಡಿದ್ದು ಸರಿಯೇ ಎಂದು ಇಂದಿಗೂ ವಾದಿಸುತ್ತ ಕುಳಿತಿರಲು ಸಾಧ್ಯವಿತ್ತು. ಅವರು ಬೇರೊಂದನ್ನು ಆರಿಸಿಕೊಂಡರು. ಆಗಸ್ಟ್ 16 ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವಾಯಿತು. ಸತ್ತವರ ನೆನಪಿನಲ್ಲಿ ಆ ದಿನ ರಕ್ತದಾನ ನಡೆಯುತ್ತದೆ.

ಹಸಿರು ಕೆಂಪು ಬಣ್ಣದ ಅಂಗಿ ತೊಟ್ಟವನೂ ಕೆಂಪು ಹಳದಿ ಬಣ್ಣದ ಅಂಗಿ ತೊಟ್ಟವನೂ ಒಂದೇ ಶಿಬಿರದಲ್ಲಿ ತೋಳು ಚಾಚಬಹುದು. ಕೊಟ್ಟ ರಕ್ತ ಯಾವ ತಂಡದವನ ಮೈಗೆ ಸೇರುತ್ತದೆಂದು ಕೊಟ್ಟವನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ತೀರ್ಪನ್ನು ಬದಲಿಸುವ ಅಧಿಕಾರ ಅಭಿಮಾನಿಗೆ ಎಂದೂ ದೊರೆಯಲಾರದು. ಆದರೆ ತೀರ್ಪಿನ ಅನಂತರ ತನ್ನ ಕೈ ಕಲ್ಲನ್ನು ಹಿಡಿಯಬೇಕೇ, ಇನ್ನೊಬ್ಬರ ಪ್ರಾಣವನ್ನು ಉಳಿಸಬೇಕೇ ಎಂಬ ತೀರ್ಪು ಅವನೊಬ್ಬನದೇ. ಆ ತೀರ್ಪಿಗೆ ಯಾವ ರೆಫರಿಯ ಸೀಟಿಯೂ ಬೇಕಾಗಿಲ್ಲ.